ಕಲಿಕೆಯ ಸಾಲ ಯಾರ ಖಾತೆಗೆ?

ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲ ಎಂಬ ಮಾತನ್ನು ನನ್ನ ಮೂವತ್ತೇಳು ವರ್ಷಗಳ ಬ್ಯಾಂಕ್ ನೌಕರಿಯಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ಹೆಡ್ ಆಫೀಸಿನ ಸುತ್ತೋಲೆಗಳಲ್ಲಿ ಅದು ಇರುತ್ತಿತ್ತು, ಬೀಳ್ಕೊಡುಗೆ ಸಮಾರಂಭದ ಭಾಷಣಗಳಲ್ಲಿ ಇರುತ್ತಿತ್ತು, ತರಬೇತಿ ಕೊಠಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡೂ ಕೂತಿತ್ತು. ಮಾತು ಸುಳ್ಳೇನಲ್ಲ. ಆದರೆ ಹೇಳಿದವರಲ್ಲಿ ಒಬ್ಬರಾದರೂ ಮುಂದಿನ ಮಾತನ್ನು ಹೇಳಿದ್ದು ನೆನಪಿಲ್ಲ. ವಯಸ್ಸಿನ ಹಂಗಿಲ್ಲ, ಸರಿ, ಹೊತ್ತಿನ ಹಂಗು? ಬೆಳಿಗ್ಗೆ ಐದಕ್ಕೆ ಎದ್ದು, ನೀರು ಹಿಡಿದು, ತಿಂಡಿ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ಹತ್ತಕ್ಕೆ ಕೌಂಟರಿನಲ್ಲಿ ಕೂತು, ಸಂಜೆ ಆರಕ್ಕೆ ತರಕಾರಿ ಚೀಲದೊಡನೆ ಮನೆಗೆ ಬರುವ ಹೆಂಗಸು ಹೊಸದನ್ನು ಕಲಿಯಬೇಕಾದ ಹೊತ್ತು ಯಾವುದು? ಅದನ್ನು ಯಾರು ಕೊಡಬೇಕು?

ಸುಲಭದ ಪ್ರಶ್ನೆ ಎಂದು ನೀವು ಅಂದುಕೊಳ್ಳಬಹುದು. ಸಂಬಳ ತೆಗೆದುಕೊಳ್ಳುವವಳು ಕೆಲಸ ಕಲಿತುಕೊಳ್ಳಬೇಡವೇ ಎಂದು ಒಂದೇ ಏಟಿಗೆ ಮುಗಿಸಿಬಿಡುವವರೂ ಇದ್ದಾರೆ. ಅವಳು ಕೆಲಸ ಕಲಿತೇ ಬಂದಿದ್ದಳು ಎಂಬುದು ನನ್ನ ತಕರಾರು. ಕಲಿತು ಬಂದ ಕೆಲಸವನ್ನು ಇನ್ನೊಬ್ಬರು ಬದಲಾಯಿಸಿದಾಗ ಏನು ನ್ಯಾಯ ಎಂಬುದು ನನ್ನ ಪ್ರಶ್ನೆ.

ನಾನು ಸೇರಿದ್ದು 1982ರಲ್ಲಿ, ಶಿವಮೊಗ್ಗದ ಒಂದು ಶಾಖೆಯಲ್ಲಿ. ಆಗ ಬ್ಯಾಂಕು ಎಂದರೆ ಕಾಗದ, ಮಸಿ ಮತ್ತು ತಾಳ್ಮೆ. ಒಂದೊಂದು ಲೆಡ್ಜರೂ ಮೂರು ತಿಂಗಳ ಕೂಸಿನಷ್ಟು ಭಾರ. ಬಗಲಲ್ಲಿ ಎತ್ತಿಕೊಂಡೇ ಓಡಾಡಬೇಕು. ಚೆಕ್ಕು ಕೊಟ್ಟವರ ಕೈಗೆ ಹಿತ್ತಾಳೆಯ ಟೋಕನ್ನು. ಆ ಚೆಕ್ಕು ಲೆಡ್ಜರಿಗೆ ಬಂದು, ಶಿಲ್ಕು ನೋಡಿ, ಸಹಿ ನೋಡಿ, ಆಫೀಸರ ಮೇಜು ದಾಟಿ ಕ್ಯಾಷಿಗೆ ಹೋಗುವಷ್ಟರಲ್ಲಿ ಹಳ್ಳಿಯಿಂದ ಬಂದವರು ಬೆಂಚಿನ ಮೇಲೆ ಎಲೆಯಡಿಕೆ ಹಾಕಿ ಮುಗಿಸಿರುತ್ತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ನನಗಿಂತ ಏಳು ವರ್ಷ ದೊಡ್ಡವರೊಬ್ಬರಿದ್ದರು. ಜವಾನನಿಂದ ಮ್ಯಾನೇಜರವರೆಗೆ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಾನು ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಕ್ಕನಿಗೆ ಸುಮಾರು ಎಂಟುನೂರು ಖಾತೆದಾರರ ಸಹಿ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಮಾದರಿ ಸಹಿಯ ಕಾರ್ಡನ್ನು ನಿಯಮಕ್ಕಾಗಿ ತೆಗೆಯುತ್ತಿದ್ದರೇ ಹೊರತು ಅಗತ್ಯಕ್ಕಾಗಿ ಅಲ್ಲ. ಆದರೆ ಅವರ ನಿಜವಾದ ಸಾಮರ್ಥ್ಯ ಕಾಣುತ್ತಿದ್ದುದು ಬ್ಯಾಲೆನ್ಸಿಂಗ್ ದಿನ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಒಂದು ಲೆಡ್ಜರಿನ ಎಲ್ಲ ಖಾತೆಗಳ ಶಿಲ್ಕುಗಳನ್ನು ಒಂದು ದೊಡ್ಡ ಪುಸ್ತಕದಲ್ಲಿ ಇಳಿಸಿ ಕೂಡಿಸಬೇಕು. ಆ ಮೊತ್ತ ಜನರಲ್ ಲೆಡ್ಜರಿನ ಮೊತ್ತಕ್ಕೆ ಪೈಸೆಗೆ ಪೈಸೆ ಸರಿಹೋಗಬೇಕು. ಹೋಗುತ್ತಿರಲಿಲ್ಲ. ಎಲ್ಲೋ ಒಂದು ಅಂಕಿ ಜಾರಿರುತ್ತಿತ್ತು. ಅದನ್ನು ಹುಡುಕುವುದರಲ್ಲೇ ಸಂಜೆಗಳು, ಭಾನುವಾರಗಳು ಕಳೆದುಹೋಗುತ್ತಿದ್ದವು.

ಅಕ್ಕ ಮೊದಲು ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅದು ಒಂಬತ್ತರಿಂದ ಭಾಗವಾಗುತ್ತದೆಯೋ ಎಂದು ನೋಡುತ್ತಿದ್ದರು. ಆದರೆ, ಯಾರೋ ಅಂಕಿಗಳನ್ನು ಹಿಂದುಮುಂದು ಮಾಡಿರುವ ಸಂಭವ ಹೆಚ್ಚು: 54 ಬರೆಯಬೇಕಾದಲ್ಲಿ 45, 720 ಬರೆಯಬೇಕಾದಲ್ಲಿ 270. ಒಂಬತ್ತಕ್ಕೆ ಬಗ್ಗದಿದ್ದರೆ ಅದನ್ನು ಅರ್ಧ ಮಾಡಿ, ಆ ಅರ್ಧದ ಮೊತ್ತದ ವೋಚರು ಇದೆಯೇ ಎಂದು ಹುಡುಕುತ್ತಿದ್ದರು. ಜಮೆಯ ಕಡೆ ಹೋಗಬೇಕಾದದ್ದು ಖರ್ಚಿನ ಕಡೆಗೆ ಬಿದ್ದರೆ ವ್ಯತ್ಯಾಸ ಇಮ್ಮಡಿಯಾಗುತ್ತದಲ್ಲ! ಎರಡೂ ಅಲ್ಲದಿದ್ದರೆ ಒಂದು ಲೋಟ ಕಾಫಿ ತರಿಸಿ, ಯಾರ ಕೈಬರಹದ ಪುಟಗಳಲ್ಲಿ ಏಳು ಒಂದರಂತೆ ಕಾಣುತ್ತದೆ ಎಂದು ಯೋಚಿಸುತ್ತಿದ್ದರು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಸಹೋದ್ಯೋಗಿಗಳ ಅಕ್ಷರದ ಗುಣ, ತಿಂಗಳ ಮೊದಲ ವಾರದ ಗಡಿಬಿಡಿ, ಹಬ್ಬದ ಹಿಂದಿನ ದಿನದ ಅವಸರ ಎಲ್ಲವೂ ಸೇರಿ ಅದೊಂದು ವಿದ್ಯೆಯಾಗಿತ್ತು. ನನಗೆ ಅದನ್ನು ಕಲಿಸಿದ್ದು ಅವರೇ. ಕಲಿಸಿದ್ದಕ್ಕೆ ಬ್ಯಾಂಕು ಅವರಿಗೆ ಏನನ್ನೂ ಕೊಡಲಿಲ್ಲ. ಕೇಳಬೇಕೆಂದು ಅವರಿಗೂ ತೋಚಲಿಲ್ಲ.

ಯಂತ್ರ ಬಂದ ಕಥೆಯನ್ನು ಉದ್ದ ಮಾಡುವುದಿಲ್ಲ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲೊಮ್ಮೆ, 1989ರಲ್ಲಿ ಮತ್ತೊಮ್ಮೆ ಬ್ಯಾಂಕುಗಳ ಯಾಂತ್ರೀಕರಣದ ದಾರಿ ಹಾಕಿಕೊಟ್ಟಿತು. ಕಂಪ್ಯೂಟರ್ ಎಂಬ ಶಬ್ದ ಕೇಳಿದರೆ ನೌಕರರ ಸಂಘಗಳು ಸಿಡಿಮಿಡಿಗೊಳ್ಳುತ್ತಿದ್ದ ಕಾಲ ಅದು. ಮೊದಲು ಬಂದ ಪೆಟ್ಟಿಗೆಗೆ ‘ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್’ ಎಂದು ಹೆಸರು. ಮಗುವಿಗೆ ಔಷಧಿ ಕುಡಿಸುವಾಗ ಜೇನುತುಪ್ಪ ಅನ್ನುವುದಿಲ್ಲವೇ, ಹಾಗೆ. ಅದರ ಮುಂದೆ ಕೂರುವವರಿಗೆ ತಿಂಗಳಿಗಿಷ್ಟು ಎಂದು ವಿಶೇಷ ಭತ್ಯೆಯೂ ಇತ್ತು. 1993ರ ಅಕ್ಟೋಬರಿನಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಗಣಕೀಕರಣದ ಬಗ್ಗೆ ಒಪ್ಪಂದವಾದ ಮೇಲೆ ಹೆಸರಿನ ಮುಚ್ಚುಮರೆಯೂ ಬೇಕಾಗಲಿಲ್ಲ.

ನಮ್ಮ ಶಾಖೆಯ ಸರದಿ ಬಂದಾಗ ತರಬೇತಿಗೆ ಹೆಸರು ಕೇಳಿ ಒಂದು ಹಾಳೆ ಬಂತು. ತರಬೇತಿ ಬೆಂಗಳೂರಿನಲ್ಲಿ, ಆರು ದಿನ, ಅಲ್ಲೇ ವಾಸ. ಊಟ, ಹಾಸಿಗೆ ಎಲ್ಲ ಬ್ಯಾಂಕಿನದೇ. ಧಾರಾಳ ಏರ್ಪಾಡು ಎಂದೇ ಹೇಳಬೇಕು. ಹಾಳೆಯಲ್ಲಿ ಹೆಸರಿನ ಮುಂದೆ ಎರಡು ಕಲಮು: ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ. ಯಾಕೆ ಇಲ್ಲ ಎಂದು ಬರೆಯುವುದಕ್ಕೆ ಮೂರನೆಯ ಕಲಮು ಇರಲಿಲ್ಲ.

ಶಾಖೆಯಲ್ಲಿ ನಾವು ಐವರು ಹೆಂಗಸರು. ಒಬ್ಬಳು ಬಾಣಂತನ ಮುಗಿಸಿ ಬಂದು ಎರಡು ತಿಂಗಳಾಗಿತ್ತು. ಇನ್ನೊಬ್ಬಳ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿ ಎರಡು ಮಕ್ಕಳೊಡನೆ ಒಬ್ಬಳೇ ಇದ್ದಳು. ಅಕ್ಕನ ಅತ್ತೆಗೆ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಬೆಳಿಗ್ಗೆ ಸಂಜೆ ಎತ್ತಿ ಕೂರಿಸಲು, ಬಟ್ಟೆ ಬದಲಿಸಲು ಬೇರೆ ಯಾರೂ ಇರಲಿಲ್ಲ. ನನ್ನ ತಾಯಿ ಊರಿನಿಂದ ಬಂದು ಇರುತ್ತೇನೆ ಎಂದದ್ದರಿಂದ ನಾನು ಒಪ್ಪಿಗೆಯ ಕಲಮಿನಲ್ಲಿ ಸಹಿ ಹಾಕಿದೆ. ಉಳಿದ ನಾಲ್ವರದ್ದೂ ಎರಡನೆಯ ಕಲಮು. ಅಂದರೆ ಕಡತದಲ್ಲಿ ಉಳಿದದ್ದು ಇಷ್ಟೇ: ಈ ಶಾಖೆಯ ಮಹಿಳಾ ನೌಕರರಿಗೆ ಹೊಸ ತಂತ್ರಜ್ಞಾನ ಕಲಿಯಲು ಒಪ್ಪಿಗೆ ಇಲ್ಲ. ನನ್ನ ತಾಯಿಗೆ ಕಾಲು ಗಟ್ಟಿಯಾಗಿತ್ತು, ಅವರ ಅತ್ತೆಗೆ ಇರಲಿಲ್ಲ ಎಂಬ ಸಂಗತಿ ನನ್ನ ಪ್ರತಿಭೆಯಾಗಿಯೂ ಅವರ ಸೋಮಾರಿತನವಾಗಿಯೂ ದಾಖಲಾಯಿತು.

ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಒಬ್ಬರ ಮನಸ್ಸಿನ ಗುಣ ಎಂದು ನಾವು ಕರೆಯುವುದರಲ್ಲಿ ಎಷ್ಟು ಭಾಗ ನಿಜವಾಗಿ ಅವರ ಮನೆಯ ಏರ್ಪಾಡು? ಉತ್ಸಾಹಿ, ಚುರುಕು, ಹೊಸತಿಗೆ ತೆರೆದುಕೊಂಡವಳು ಎಂಬ ಹೊಗಳಿಕೆ ನನಗೆ ಎಷ್ಟೋ ಸಲ ಬಂತು. ಕೇಳುವಾಗ ಖುಷಿಯಾಗುತ್ತಿತ್ತು, ಇಲ್ಲವೆನ್ನಲಾರೆ. ಆ ಹೊಗಳಿಕೆಯ ಒಂದು ಪಾಲು ನನ್ನ ತಾಯಿಗೆ ಸೇರಬೇಕಾದದ್ದು ಎಂಬುದು ಮಾತ್ರ ಯಾರ ಮನಸ್ಸಿಗೂ ಬರುತ್ತಿರಲಿಲ್ಲ.

ಹಿಂತಿರುಗಿ ಬಂದ ಮೇಲೆ ನಾನು ಮಾಡಿದ ಒಂದು ಕೆಲಸವೆಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದದ್ದು. ಯಾವ ಕೀಲಿ ಒತ್ತಿದರೆ ಯಾವ ಪರದೆ, ತಪ್ಪು ಖಾತೆ ತೆರೆದರೆ ಹಿಂದೆ ಬರುವುದು ಹೇಗೆ, ಕರೆಂಟು ಹೋದಾಗ ಏನನ್ನು ಮುಟ್ಟಬಾರದು. ಮಧ್ಯಾಹ್ನ ಎರಡೂವರೆಯ ಮೇಲೆ ಗಿರಾಕಿಗಳು ಖಾಲಿಯಾದಾಗ, ಡಬ್ಬಿ ತೆರೆದುಕೊಂಡು, ಒಂದು ಕೈಯಲ್ಲಿ ಚಿತ್ರಾನ್ನ ಇನ್ನೊಂದು ಕೈಯಲ್ಲಿ ಕೀಬೋರ್ಡು, ನಾಲ್ವರೂ ಕಲಿತರು. ಅಕ್ಕನೂ ಕಲಿತರು. ಅವರ ಬೆರಳು ನಿಧಾನವಿತ್ತು, ತಲೆ ಅಲ್ಲ. ಯಂತ್ರ ತೆಗೆದುಕೊಟ್ಟ ಮೊತ್ತವನ್ನು ಮೊದಮೊದಲು ಅವರು ಬಾಯಲ್ಲೇ ಕೂಡಿಸಿ ತಾಳೆ ನೋಡುತ್ತಿದ್ದರು. ನಗಬೇಡಿ, ಎರಡು ಸಲ, ತಪ್ಪಾಗಿ ನಮೂದಿಸಿದ್ದ ಹಳೆಯ ಶಿಲ್ಕನ್ನು ಅವರು ಹಿಡಿದದ್ದು ಹಾಗೆಯೇ.

ಆದರೆ ಕಡತದಲ್ಲಿ ಅವರು ತರಬೇತಿ ಪಡೆಯದವರು. ಹಾಗಾಗಿ ಅವರನ್ನು ಲೆಡ್ಜರಿನಿಂದ ಎಬ್ಬಿಸಿ ಟಪಾಲು ವಿಭಾಗದಲ್ಲಿ ಕೂರಿಸಿದರು. ಎಂಟುನೂರು ಸಹಿಗಳನ್ನು ಬಲ್ಲವರು ಲಕೋಟೆಗೆ ಸ್ಟ್ಯಾಂಪು ಅಂಟಿಸಿದರು. 2000–01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಹದಿನೈದು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ಆಗಿದ್ದವರು ಅರ್ಜಿ ಹಾಕಬಹುದು. ಮುಗಿಸಿದ ಪ್ರತಿ ವರ್ಷಕ್ಕೆ ಅರವತ್ತು ದಿನದ ಸಂಬಳ ಅಥವಾ ಉಳಿದ ಸೇವಾವಧಿಯ ಸಂಬಳ, ಎರಡರಲ್ಲಿ ಯಾವುದು ಕಡಿಮೆಯೋ ಅದು. ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೋದರು. ಅಕ್ಕನೂ ಹೋದರು. ಆಗ ಅವರಿಗೆ ನಲವತ್ತೊಂಬತ್ತು.

ಯಾಕೆ ಅಕ್ಕ ಎಂದು ನಾನು ಕೇಳಿದೆ. ದುಡ್ಡಿಗಾಗಿ ಅಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಅಂಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದರು: “ನಿನಗೆ ಕಲಿಯೋಕೆ ಬರಲ್ಲ ಅಂತ ಯಾರಾದ್ರೂ ಮುಖದ ಮೇಲೆ ಹೇಳಿದ್ರೆ ಜಗಳ ಆಡ್ತಿದ್ದೆ ಕಣೇ. ಯಾರೂ ಹೇಳ್ಲಿಲ್ಲ. ಎಲ್ರೂ ಒಳ್ಳೆಯವರೇ. ಒಳ್ಳೆಯವರ ಹತ್ರ ಹೇಗೆ ಜಗಳ ಆಡೋದು?”

ಇಲ್ಲಿಗೆ ನಿಲ್ಲಿಸಿದರೆ ಇದು ಯಂತ್ರದ ವಿರುದ್ಧದ ಅಳುವಾಗುತ್ತದೆ. ನನಗೆ ಅದು ಇಷ್ಟವಿಲ್ಲ, ಏಕೆಂದರೆ ಕೌಂಟರಿಗೆ ಎರಡು ಬದಿಗಳಿವೆ. ಉಳಿತಾಯ ಖಾತೆಯ ಬಡ್ಡಿಯ ಲೆಕ್ಕವನ್ನೇ ನೋಡಿ. ನಾವು ಕೈಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಆ ತಿಂಗಳ ಬಡ್ಡಿ. ಹೂವು ಮಾರುವ ಹೆಂಗಸೊಬ್ಬಳು ಹನ್ನೆರಡನೆಯ ತಾರೀಖು ತಂದು ಕಟ್ಟಿದ ಹಣ ಆ ತಿಂಗಳು ದುಡಿಯುತ್ತಲೇ ಇರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಮಗಳ ಫೀಸಿಗೆಂದು ತೆಗೆದರೆ ಅದಕ್ಕೂ ಇಡೀ ತಿಂಗಳ ಬಡ್ಡಿ ಹೋಯಿತು. ಅನ್ಯಾಯ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಸಾವಿರಾರು ಖಾತೆಗಳಿಗೆ ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಕಟ್ಟಲು ಯಾವ ಗುಮಾಸ್ತೆಯ ಕೈಯಿಂದ ಸಾಧ್ಯವಿತ್ತು? 2010ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ದಿನದ ಶಿಲ್ಕಿನ ಮೇಲೆಯೇ ಬಡ್ಡಿ ಎಂದು ನಿಯಮ ಮಾಡಿತು. ಮಾಡಲು ಸಾಧ್ಯವಾದದ್ದು ಶಾಖೆಗಳಲ್ಲಿ ಕಂಪ್ಯೂಟರು ಬಂದಿದ್ದರಿಂದ, ನಮ್ಮಂಥವರು ಅದನ್ನು ಕಲಿತಿದ್ದರಿಂದ. ಹೂವಿನವಳ ಹನ್ನೆರಡನೆಯ ತಾರೀಖಿನ ಹಣಕ್ಕೂ ಹದಿಮೂರರಿಂದ ಬೆಲೆ ಬಂತು.

ಆದ್ದರಿಂದ ‘ನನಗೆ ಹಳೆಯದೇ ಸಾಕು’ ಎಂದು ಕೂರುವ ಹಕ್ಕು ನಮಗಿತ್ತು ಎಂದು ನಾನು ವಾದಿಸಲಾರೆ. ಹಾಗೆ ಕೂತವರನ್ನೂ ಕಂಡಿದ್ದೇನೆ. ಮನೆಯಲ್ಲಿ ಯಾವ ಅಡ್ಡಿಯೂ ಇಲ್ಲದೆ, ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಆಡಲು ಹೊತ್ತಿದ್ದು, ‘ಇನ್ನು ಐದು ವರ್ಷ, ಹೇಗೋ ತಳ್ಳಿದರಾಯಿತು’ ಎಂದು ಪ್ರತಿಯೊಬ್ಬ ಗಿರಾಕಿಯನ್ನೂ ಪಕ್ಕದ ಕೌಂಟರಿಗೆ ಕಳಿಸುತ್ತಿದ್ದ ಮಹನೀಯರು. ಅವರ ಕೆಲಸ ಅಳಿಸಿಹೋಗಿರಲಿಲ್ಲ. ಪಕ್ಕದ ಕೌಂಟರಿನವಳ ಮೇಲೆ ಬೀಳುತ್ತಿತ್ತು. ಪಿಂಚಣಿಗೆ ಬಂದ ಮುದುಕಿ ಒಂದು ಗಂಟೆ ಹೆಚ್ಚು ನಿಲ್ಲುತ್ತಿದ್ದಳು. ಕಲಿಯದಿರುವುದು ಖಾಸಗಿ ವಿಷಯವಲ್ಲ. ನಾನು ಕಲಿಯದೆ ಬಿಟ್ಟ ಪ್ರತಿಯೊಂದನ್ನೂ ಇನ್ನಾರೋ ಹೊರುತ್ತಾರೆ. ಹಾಗಾಗಿ ಕಲಿಯುವ ಕರ್ತವ್ಯ ಇದೆ, ಅದು ಕೆಲಸಗಾರಳದ್ದೇ. ಇದನ್ನು ಒಪ್ಪಿಕೊಂಡ ಮೇಲೂ ನನ್ನ ಪ್ರಶ್ನೆ ಅಲ್ಲೇ ಇದೆ: ಕಲಿಯಲು ಬೇಕಾದದ್ದನ್ನು ಒದಗಿಸುವ ಕರ್ತವ್ಯ ಯಾರದ್ದು?

ನಮ್ಮ ಹಿರಿಯರು ಮನುಷ್ಯ ಮೂರು ಋಣಗಳೊಡನೆ ಹುಟ್ಟುತ್ತಾನೆ ಎನ್ನುತ್ತಿದ್ದರು: ದೇವಋಣ, ಪಿತೃಋಣ, ಋಷಿಋಣ. ಮೂರನೆಯದು ವಿದ್ಯೆಯ ಸಾಲ. ಅದನ್ನು ತೀರಿಸುವ ದಾರಿ ಓದುವುದು ಮತ್ತು ಓದಿಸುವುದು. ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ, ವಿದ್ಯೆ ಒಬ್ಬರ ಸ್ವಂತ ಬಂಡವಾಳ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಒಬ್ಬರಿಂದ ಪಡೆದದ್ದು, ಇನ್ನೊಬ್ಬರಿಗೆ ದಾಟಿಸಬೇಕಾದದ್ದು. ಅಕ್ಕ ನನಗೆ ಒಂಬತ್ತರ ಲೆಕ್ಕ ಕೊಟ್ಟರು, ನಾನು ಅವರಿಗೆ ನೋಟ್‌ಬುಕ್ಕು ಕೊಟ್ಟೆ. ನಮ್ಮಿಬ್ಬರ ನಡುವೆ ಲೆಕ್ಕ ಚುಕ್ತಾ. ಬ್ಯಾಂಕಿನ ಲೆಕ್ಕ? ನಮ್ಮ ಎರಡು ಕೊಡುಕೊಳ್ಳುವಿಕೆಗಳಿಂದಲೂ ಅದಕ್ಕೆ ಲಾಭವಾಯಿತು. ಎರಡಕ್ಕೂ ಅದು ಹೊತ್ತು ಕೊಡಲಿಲ್ಲ. ಊಟದ ಅರ್ಧ ಗಂಟೆ ನಮ್ಮದು.

ಈಗಿನವರು ಇದನ್ನು ‘ನಿಮ್ಮ ಮೇಲೆ ನೀವೇ ಹೂಡುವ ಬಂಡವಾಳ’ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಬ್ಯಾಂಕಿನವಳಾದ್ದರಿಂದ ನನಗೆ ಸಹಜವಾಗಿ ಬರುವ ಪ್ರಶ್ನೆ, ಬಡ್ಡಿ ಯಾರಿಗೆ ಬರುತ್ತದೆ ಎಂಬುದು. ಲೆಡ್ಜರ್ ಯಂತ್ರ ನಡೆಸುವ ವಿದ್ಯೆಯನ್ನು ನಾನು ಹೊರಗೆ ಎಲ್ಲಿ ಮಾರಬಹುದಿತ್ತು? ನಮ್ಮ ಬ್ಯಾಂಕಿನ ತಂತ್ರಾಂಶ ಪಕ್ಕದ ಬ್ಯಾಂಕಿಗೆ ಬಾರದು. ಹತ್ತು ವರ್ಷದಲ್ಲಿ ಕೋರ್ ಬ್ಯಾಂಕಿಂಗ್ ಬಂದು ಅದೂ ಮೂಲೆ ಸೇರಿತು. ಅದು ನನ್ನ ಬಂಡವಾಳವಾಗಿದ್ದರೆ ನನ್ನ ಜೊತೆ ಮನೆಗೆ ಬರಬೇಕಿತ್ತು. ಬಂದದ್ದು ಕತ್ತು ನೋವು.

ಕಲಿತದ್ದಕ್ಕೆ ಬೆಲೆ ಕಟ್ಟುವುದು ಬ್ಯಾಂಕುಗಳಿಗೆ ಗೊತ್ತೇ ಇರಲಿಲ್ಲ ಎಂದಲ್ಲ. ಬ್ಯಾಂಕರುಗಳ ಸಂಸ್ಥೆ ನಡೆಸುವ ಸಿಎಐಐಬಿ ಪರೀಕ್ಷೆಯ ಮೊದಲ ಭಾಗ ಪಾಸಾದರೆ ಆಗ ಒಂದು ಇನ್ಕ್ರಿಮೆಂಟು, ಎರಡನೆಯದಕ್ಕೆ ಎರಡು ಇತ್ತು. ನನ್ನ ಓರಗೆಯ ಎಷ್ಟೋ ಹೆಂಗಸರು ಮಕ್ಕಳನ್ನು ಮಲಗಿಸಿ, ಕುಕ್ಕರಿನ ಸದ್ದಿನಲ್ಲಿ ಓದಿ, ಮೂರುನಾಲ್ಕು ಸಲ ಕಟ್ಟಿ ಅದನ್ನು ಪಾಸು ಮಾಡಿದ್ದಾರೆ. ಅಂದರೆ ಕಲಿಕೆಗೆ ಹಣ ಕೊಡಬೇಕೆಂಬ ನೀತಿ ಹೊಸದಲ್ಲ. ಕಲಿಕೆಗೆ ಹೊತ್ತು ಕೊಡಬೇಕೆಂಬುದು ಯಾರ ತಲೆಗೂ ಬಾರದೆ ಉಳಿದಿದೆ.

ಕಾನೂನಿನಲ್ಲಿ ಏನಿದೆ ಎಂದು ನಿವೃತ್ತಿಯ ಮೇಲೆ ಕುತೂಹಲಕ್ಕೆ ನೋಡಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಯಂತ್ರ ಅಥವಾ ತಂತ್ರದ ಸುಧಾರಣೆಯಿಂದ ಕೆಲಸಗಾರರು ಕಡಿಮೆಯಾಗುವ ಸಂಭವವಿದ್ದರೆ 21 ದಿನ ಮುಂಚೆ ನೋಟಿಸು ಕೊಡಬೇಕೆಂದಿತ್ತು. ನೋಟಿಸು ಕೊಡಬೇಕು, ಕಲಿಸಬೇಕೆಂದಲ್ಲ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸದಿಂದ ತೆಗೆದುಹಾಕಿದ ನೌಕರರಿಗಾಗಿ ‘ಮರುಕೌಶಲ ನಿಧಿ’ ಎಂದು ಮಾಡಿದ್ದಾರೆ. ಮಾಲೀಕರು ಒಬ್ಬೊಬ್ಬರಿಗೆ ಹದಿನೈದು ದಿನದ ಕೂಲಿಯಷ್ಟನ್ನು ಅದಕ್ಕೆ ಕಟ್ಟಬೇಕು, ಅದು 45 ದಿನದೊಳಗೆ ನೌಕರರ ಖಾತೆಗೆ ಬರಬೇಕು. ಇಷ್ಟಾದರೂ ಬಂತಲ್ಲ ಎಂದು ಸಮಾಧಾನಪಡಬೇಕೋ ಏನೋ. ಆದರೆ ಸ್ವಲ್ಪ ನಿಂತು ನೋಡಿ. ಕಲಿಸುವ ಹಣ ಬರುವುದು ಕೆಲಸ ಹೋದ ಮೇಲೆ. ಅದೂ ಹದಿನೈದು ದಿನದ್ದು. ಹೊಲಿಗೆ ಕಲಿಯುವುದಕ್ಕೂ ನಮ್ಮೂರಿನಲ್ಲಿ ಆರು ತಿಂಗಳು ಬೇಕು.

ಇದು ಸಂಬಳದವರ ಮಾತಾಯಿತು. ಸಂಬಳವೆಂದು ಕರೆಯದೆ ‘ಗೌರವಧನ’ ಕೊಡುವ ಅಂಗನವಾಡಿ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. 2021ರ ಮಾರ್ಚಿನಲ್ಲಿ ‘ಪೋಷಣ್ ಟ್ರ್ಯಾಕರ್’ ಎಂಬ ಮೊಬೈಲ್ ತಂತ್ರಾಂಶ ಬಂತು. ಮಕ್ಕಳ ತೂಕ, ಎತ್ತರ, ಹಾಜರಿ, ಬಸುರಿ ಬಾಣಂತಿಯರ ವಿವರ ಎಲ್ಲವೂ ಅದರಲ್ಲಿ. ನಮ್ಮ ಬೀದಿಯ ಅಂಗನವಾಡಿಯಾಕೆ ಐವತ್ತು ದಾಟಿದವರು. ಮಗುವನ್ನು ಎತ್ತಿಕೊಂಡ ಕೂಡಲೇ ತೂಕ ಇಳಿದಿದೆ ಎಂದು ಹೇಳಬಲ್ಲವರು. ಈಗ ಸಂಜೆ ಮನೆಯಲ್ಲಿ ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ನಿಂತು ಮಗನಿಂದ ಕಲಿಯುತ್ತಾರೆ. ನೌಕರಳೆಂದು ಲೆಕ್ಕಕ್ಕೆ ಹಿಡಿಯದಿದ್ದರೂ ನೌಕರಳಂತೆ ಕಲಿಯಬೇಕು. ಇಂಥವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಹೇಳಬೇಕಾಗಿ ಬಂತು ಎಂದರೆ, ಇವರ ಹೊತ್ತಿನ ಬೆಲೆಯ ಮಾತು ಎಷ್ಟು ದೂರವಿದೆ ನೀವೇ ಊಹಿಸಿ. ಮಗ ಮಾತ್ರ ಒಳ್ಳೆಯ ಮೇಷ್ಟರಂತೆ. ಬೈಯುವುದಿಲ್ಲವಂತೆ.

ಹಳೆಯ ವಿದ್ಯೆ ದಂಡವಾಯಿತೇ ಎಂಬ ಸಂಕಟ ಬೇರೆ. ಇದನ್ನು ಯಾವ ಸುತ್ತೋಲೆಯೂ ಮುಟ್ಟುವುದಿಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಮೂರೇ ವರ್ಷದಲ್ಲಿ ನಮ್ಮ ಕರ್ನಾಟಕದ ನೆಲದಲ್ಲಿ ಹುಟ್ಟಿದ ನಾಲ್ಕು ಹೆಸರುಗಳು ಬೋರ್ಡಿನಿಂದ ಇಳಿದವು. ಅಲ್ಲಿದ್ದ ನನ್ನ ಗೆಳತಿಯರು ಐವತ್ತೇಳು, ಐವತ್ತೆಂಟರ ವಯಸ್ಸಿನಲ್ಲಿ ಮತ್ತೆ ಹೊಸ ತಂತ್ರಾಂಶ, ಹೊಸ ನಮೂನೆ, ಹೊಸ ಪಾಸ್‌ವರ್ಡು ಕಲಿತರು. ಒಬ್ಬಳು ಫೋನಿನಲ್ಲಿ ಹೇಳಿದಳು: “ಮೂವತ್ತು ವರ್ಷದ ಕೆಲಸಗಾರಳು ಕಣೇ ನಾನು, ದಿನಾ ಬೆಳಿಗ್ಗೆ ಮೊದಲನೇ ದಿನದವಳ ಹಾಗೆ ಕೂತ್ಕೊಳ್ತೀನಿ.” ಅವಳಿಗೆ ನೋವಾದದ್ದು ಕಲಿಯಬೇಕಲ್ಲ ಎಂದಲ್ಲ. ಗೊತ್ತಿದ್ದದ್ದನ್ನು ಒಬ್ಬರಾದರೂ ಕೇಳಲಿಲ್ಲವಲ್ಲ ಎಂದು. ಯಾವ ಊರಿನ ಅಡಿಕೆ ಸಾಲ ಯಾವ ತಿಂಗಳು ವಸೂಲಾಗುತ್ತದೆ, ಯಾರ ಮನೆಯಲ್ಲಿ ಗಂಡ ಸಹಿ ಹಾಕಿಸಿಕೊಂಡು ಹೆಂಡತಿಯ ಹಣ ತೆಗೆಯುತ್ತಾನೆ ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಹೊಸ ಪರದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೊಸದನ್ನು ಕಲಿಸುವವರು ಕಲಿಸುವ ಮೊದಲು ಅರ್ಧ ದಿನ ಕೂತು, ನಿಮಗೆ ಏನು ಗೊತ್ತು ಹೇಳಿ ಎಂದು ಕೇಳಿದ್ದರೆ ಬ್ಯಾಂಕಿಗೆ ಎಷ್ಟೋ ಉಳಿಯುತ್ತಿತ್ತು. ಅವಳಿಗೂ ತಾನು ಖಾಲಿ ಪಾತ್ರೆ ಎಂಬ ಭಾವನೆ ಬರುತ್ತಿರಲಿಲ್ಲ. ಖರ್ಚಿಲ್ಲದ ಕೆಲಸ ಇದು. ಆದರೂ ಯಾರೂ ಮಾಡುವುದಿಲ್ಲ.

ಅಕ್ಕ ಈಗ ಎಪ್ಪತ್ತು ದಾಟಿದ್ದಾರೆ. ಅವರ ಬಡಾವಣೆಯ ಸ್ತ್ರೀಶಕ್ತಿ ಸಂಘದ ಲೆಕ್ಕ ಬಹಳ ವರ್ಷ ಅವರೇ ಬರೆದರು. ಈಗ ಇಬ್ಬರು ಹುಡುಗಿಯರಿಗೆ ಕಲಿಸಿ ಬಿಟ್ಟುಕೊಟ್ಟಿದ್ದಾರೆ. ಹುಡುಗಿಯರು ಮೊಬೈಲಿನಲ್ಲಿ ಕೂಡಿಸುತ್ತಾರೆ. ಮೊತ್ತ ತಾಳೆಯಾಗದಿದ್ದರೆ ಮಾತ್ರ ಅಕ್ಕನ ಮನೆಗೆ ಓಡಿಬರುತ್ತಾರಂತೆ. ಮೊಬೈಲು ಕೂಡಿಸುತ್ತದೆ ನಿಜ, ಬರೆಯುವಾಗಲೇ 45 ಎಂದು ಬರೆದವರನ್ನು ಅದು ಹೇಗೆ ಹಿಡಿಯಬೇಕು?

ಹೋದ ತಿಂಗಳು ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಸಾಫ್ಟ್‌ವೇರ್ ತಪಾಸಣೆಯ ಕೆಲಸ ಅವಳದ್ದು, ಹನ್ನೊಂದು ವರ್ಷದ ಅನುಭವ, ಮೂರು ವರ್ಷದ ಮಗು. ಅವಳು ಕೈಯಾರೆ ಮಾಡುತ್ತಿದ್ದ ತಪಾಸಣೆಯಲ್ಲಿ ಬಹುಪಾಲನ್ನು ಈಗ ಕೃತಕ ಬುದ್ಧಿಮತ್ತೆಯ ಸಾಧನಗಳೇ ಮಾಡುತ್ತವಂತೆ. ಆ ಸಾಧನಗಳನ್ನು ನಡೆಸಲು ಇವಳು ಕಲಿಯಬೇಕಂತೆ. ಕಂಪನಿ ನಲವತ್ತು ಗಂಟೆಯ ಪಾಠದ ಕೊಂಡಿ ಕಳಿಸಿದೆ. ಮೂರು ತಿಂಗಳಲ್ಲಿ ಮುಗಿಸಬೇಕು, ಪ್ರಮಾಣಪತ್ರ ತೋರಿಸಬೇಕು, ಕೆಲಸದ ಹೊತ್ತಿನಲ್ಲಿ ನೋಡುವಂತಿಲ್ಲ. “ರಾತ್ರಿ ಹನ್ನೊಂದಕ್ಕೆ ಶುರು ಮಾಡ್ತೀನಿ ದೊಡ್ಡಮ್ಮ, ಹನ್ನೊಂದೂವರೆಗೆ ನಿದ್ದೆ” ಎಂದಳು. ಪಾಠ ಬಿಟ್ಟಿಯಾಗಿ ಕೊಟ್ಟಿದ್ದೇವಲ್ಲ ಎನ್ನುತ್ತಾರಂತೆ ಮೇಲಿನವರು. ಕಡತವಿಲ್ಲ, ಹಾಳೆಯಿಲ್ಲ, ಆದರೆ ಮೂರನೆಯ ಕಲಮು ಇಲ್ಲದ ಅದೇ ನಮೂನೆ ಎಂದು ನನಗನ್ನಿಸಿತು.

ನಾನು ಅವಳಿಗೆ ಅಕ್ಕನ ಕಥೆ ಹೇಳಿದೆ. ಕೇಳಿಕೊಂಡು ಸುಮ್ಮನಿದ್ದಳು. ಹೊರಡುವ ದಿನ ನನ್ನ ಎದುರಿಗೇ ಕೂತು ಮ್ಯಾನೇಜರಿಗೆ ಒಂದು ಪತ್ರ ಬರೆದಳು. ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೆಲಸದ ಹೊತ್ತಿನಲ್ಲೇ ಕಲಿಯಲು ಬಿಡಬೇಕು, ಮೊದಲು ಕಲಿತವರು ಉಳಿದವರಿಗೆ ಹೇಳಿಕೊಡುತ್ತಾರೆ, ಹೇಳಿಕೊಟ್ಟ ಹೊತ್ತನ್ನೂ ಕೆಲಸವೆಂದೇ ಎಣಿಸಬೇಕು ಎಂದು. ಬೆಂಗಳೂರಿಗೆ ಹೋದ ಮೇಲೆ ಅವಳ ತಂಡದ ಇನ್ನೂ ಏಳು ಜನ ಅದಕ್ಕೆ ಹೆಸರು ಸೇರಿಸಿದರಂತೆ. ಅವರಲ್ಲಿ ಮೂವರು ಗಂಡಸರು, ಒಬ್ಬನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಪತ್ರ ಹೋಗಿ ಮೂರು ವಾರವಾಯಿತು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆಯೇ ಹೊರತು ಹೂಂ ಇಲ್ಲ, ಉಹೂಂ ಇಲ್ಲ. ಎಂಟು ಜನರೂ ತಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಬುಧವಾರದ ಆ ಎರಡು ಗಂಟೆಯ ಮೇಲೆ ‘ಕಲಿಕೆ’ ಎಂದು ಬರೆದಿಟ್ಟಿದ್ದಾರಂತೆ. ಇದುವರೆಗೆ ಯಾರೂ ಅಳಿಸಿಲ್ಲವಂತೆ.